ಗಿರಣಿ ಗುಂಡು ಲೆಕ್ಕಕ್ಕಿಲ್ಲ

ಹೋದ ಭಾನುವಾರ ಶಿರಾದ ಸ್ನೂಕರ್ ಹಾಲಿನಲ್ಲಿ ನಾನು ಹೊಡೆದ ಬಿಳಿ ಗುಂಡು ಟೇಬಲ್ಲಿನ ಅಂಚಿಗೆ ಎಂಥ ಬಿರುಸಿನಿಂದ ಬಡಿಯಿತೆಂದರೆ, ರಬ್ಬರಿನ ಸಂದಿಯಿಂದ ಒಂದು ಹಿಡಿ ಧೂಳು ಎದ್ದಿತು. ಒಂದು ಹಿಡಿ ಅಂದದ್ದು ನನ್ನ ಅಭ್ಯಾಸದಿಂದ. ಒಂದು ಚಿಟಿಕೆ ಅಂತ ಇಟ್ಟುಕೊಳ್ಳಿ. ಯಾರೂ ನೋಡದಾಗ ಬಗ್ಗಿ ಮೂಸಿದೆ. ರಾಗಿ ಹಿಟ್ಟು. ಅದೂ ಆಗ ತಾನೇ ಕಲ್ಲಿನಿಂದ ಇಳಿದು, ಮುಚ್ಚಳ ಹಾಕಿದರೆ ಡಬ್ಬ ಬೆವರುವಂಥ ಬಿಸಿ ಹಿಟ್ಟಿನ ವಾಸನೆ... ಬಿಸಿ ಇರಲು ಸಾಧ್ಯವಿಲ್ಲ, ನನಗೂ ಗೊತ್ತು. ಮೂಗಿಗೆ ಹಾಗನ್ನಿಸಿತು, ನಾನೇನು ಮಾಡಲಿ.

ಗಿರಣಿ ಅತ್ತೆ ನೆನಪಾದರು.

ನನಗೀಗ ಹತ್ತೊಂಬತ್ತು. ಈ ವಯಸ್ಸಿನಲ್ಲಿ ‘ಆ ಕಾಲದಲ್ಲಿ’ ಎಂದು ಶುರು ಮಾಡಿದರೆ ಮನೆಯಲ್ಲಿ ನಗುತ್ತಾರೆ. ಆದರೆ ಹದಿನಾರಕ್ಕೇ ಮಧುಗಿರಿಯ ಸ್ನೂಕರ್ ಚಾಂಪಿಯನ್ ಆಗಿದ್ದವನಿಗೆ ಹತ್ತೊಂಬತ್ತು ಎಂದರೆ ಪಿಂಚಣಿಯ ವಯಸ್ಸು. ಚಾಂಪಿಯನ್ ಎಂದರೆ, ನಮಗೆ ಗೊತ್ತಿದ್ದ ಮಟ್ಟಿಗೆ ಊರಿನಲ್ಲಿ ಇದ್ದದ್ದು ಒಂದೇ ಟೇಬಲ್, ಆಡುತ್ತಿದ್ದವರು ನಾವು ಏಳೆಂಟು ಜನ, ಅವರಲ್ಲಿ ಇಬ್ಬರು ಕನ್ನಡಕ ಇದ್ದರೂ ನಾಚಿಕೆಗೆ ಹಾಕುತ್ತಿರಲಿಲ್ಲ. ಆ ಇಬ್ಬರನ್ನು ನಾನು ಹೀನಾಯವಾಗಿ ಸೋಲಿಸುತ್ತಿದ್ದೆ.

ಬೆಟ್ಟದ ಕಡೆಗೆ ಏರುವ ಬೀದಿಯಲ್ಲಿ ಅತ್ತೆಯ ಹಿಟ್ಟಿನ ಗಿರಣಿ ಇತ್ತು. ಅವರು ನನಗೆ ಅತ್ತೆಯಲ್ಲ, ಊರಿಗೇ ಅತ್ತೆ. ಗಿರಣಿಯ ಗೋಡೆಯಾಚೆ, ಮೊದಲು ಕಡಲೆಕಾಯಿ ಮೂಟೆ ಒಟ್ಟುತ್ತಿದ್ದ ಕೋಣೆಯಲ್ಲಿ, ಸ್ನೂಕರ್ ಟೇಬಲ್. ತುಮಕೂರಿನಲ್ಲಿ ಯಾವುದೋ ಕ್ಲಬ್ಬು ಮುಚ್ಚಿದಾಗ ಅತ್ತೆಯ ಯಜಮಾನರು ಅದನ್ನು ಕಡಲೆಕಾಯಿ ಲಾರಿಯಲ್ಲಿ ಹೇರಿಕೊಂಡು ಬಂದಿದ್ದರಂತೆ. ಅತ್ತೆ ಕೇಳಿದ್ದು ಗಿರಣಿಗೆ ಇನ್ನೊಂದು ಜೊತೆ ಕಲ್ಲು. ಬಂದದ್ದೂ ಕಲ್ಲೇ. ಸ್ನೂಕರ್ ಟೇಬಲ್ಲಿನ ಹಸಿರು ಬಟ್ಟೆಯ ಕೆಳಗಿರುವುದು ದೊಡ್ಡ ದೊಡ್ಡ ಕಲ್ಲು ಚಪ್ಪಡಿ. ಆದರೆ ಅದರಲ್ಲಿ ರಾಗಿ ಬೀಸಲು ಬರುವುದಿಲ್ಲ. ನಾನು ಆಟ ಕಲಿಯುವ ಹೊತ್ತಿಗೆ ಯಜಮಾನರು ತೀರಿಕೊಂಡಿದ್ದರು. ಟೇಬಲ್ ಮಾತ್ರ ಹಾಗೇ ಇತ್ತು.

“ಅವ್ರು ಇರೋಗಂಟ ಈ ಟೇಬಲ್ಗೆ ದಿನಾ ಬೈದೆ ಕಣ್ಲಾ,” ಎಂದು ಅತ್ತೆ ಒಮ್ಮೆ ಹೇಳಿದ್ದರು. “ಈಗ ಬೈಯಾಕೆ ಇದೊಂದೇ ಉಳ್ಕಂಡಿರೋದು.”

ಆಟದ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಗುಂಡುಗಳ ಬಣ್ಣಕ್ಕೆಲ್ಲ ಕಾಳಿನ ಹೆಸರಿಟ್ಟಿದ್ದರು. ಕೆಂಪು ತೊಗರಿ, ಕಂದು ರಾಗಿ, ಹಳದಿ ಕಡಲೆಬೇಳೆ, ಹಸಿರು ಹೆಸರುಕಾಳು, ಗುಲಾಬಿ ಕಡಲೆಬೀಜ, ಕಪ್ಪು ಹುಚ್ಚೆಳ್ಳು. ನೀಲಿ ಬಣ್ಣದ ಕಾಳು ನಮ್ಮ ಸೀಮೆಯಲ್ಲಿ ಬೆಳೆಯದ ಕಾರಣ ನೀಲಿ ಗುಂಡನ್ನು ಅವರು ಕೊನೆಯವರೆಗೂ ನಂಬಲಿಲ್ಲ. ಗಿರಣಿಯ ಸದ್ದು ಅವರ ಕಿವಿಯನ್ನು ಮುಕ್ಕಾಲು ತಿಂದು ಮುಗಿಸಿತ್ತು. ಹಾಗಾಗಿ ಅವರ ಗುಟ್ಟಿನ ಮಾತು ಕೂಡ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು.

ಗಿರಣಿ ಶುರುವಾದರೆ ಗೋಡೆ ನಡುಗುತ್ತಿತ್ತು, ಗೋಡೆಯ ಜೊತೆ ಟೇಬಲ್ ನಡುಗುತ್ತಿತ್ತು. ತೂತಿನ ಬಾಯಲ್ಲಿ ನಿಂತ ಗುಂಡು ಯಾರೂ ಮುಟ್ಟದೆ ತಾನೇ ಒಳಗೆ ಬೀಳುತ್ತಿತ್ತು. ಅದು ನಿನ್ನದು, ನನ್ನದು ಎಂದು ನಾವು ಒಂದು ದಿನ ಕಾಲರ್ ಹಿಡಿದುಕೊಂಡಾಗ ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ನ್ಯಾಯ ಹೇಳಿದರು. “ನನ್ ಗಿರಣಿ ಬೀಳಿಸಿದ್ದು ಯಾವನ್ದೂ ಅಲ್ಲ. ಎತ್ತಿ ಎಲ್ಲಿತ್ತೋ ಅಲ್ಲೇ ಮಡಗ್ರಿ.” ಅಂದಿನಿಂದ ಅದು ಕಾನೂನಾಯಿತು. ಹಾಗೆ ಬಿದ್ದ ಗುಂಡಿಗೆ ಗಿರಣಿ ಗುಂಡು ಎಂದು ಹೆಸರು. ಗಿರಣಿ ಗುಂಡು ಲೆಕ್ಕಕ್ಕಿಲ್ಲ.

ಹೀಗಿರುವಾಗ ಅತ್ತೆಯ ಮೈದುನ ಬಂದರು. ಅವರು ಶಿರಾದಲ್ಲಿ ಸ್ನೂಕರ್ ಹಾಲ್ ನಡೆಸುತ್ತಿದ್ದರು. ಎ.ಸಿ. ಇರುವ ಹಾಲ್, ನೆಲಕ್ಕೆ ಕಾರ್ಪೆಟ್ಟು, ಗೋಡೆಗೆ ಕನ್ನಡಿ. ಅವರಿಗೆ ಇನ್ನೊಂದು ಟೇಬಲ್ ಬೇಕಾಗಿತ್ತು, ಅಣ್ಣನ ಟೇಬಲ್ ಮಧುಗಿರಿಯಲ್ಲಿ ಹಿಟ್ಟು ತಿನ್ನುತ್ತಾ ಬಿದ್ದಿತ್ತು. ಹಿಂದೆಯೂ ಎರಡು ಮೂರು ಸಲ ಕೇಳಿದ್ದರು. ಈ ಸಲ ಒಂದು ಮಾತು ಹೆಚ್ಚು ಆಡಿದರು.

“ಅತ್ತಿಗೇ, ಗಿರಣಿ ಪಕ್ಕ ಆಡೋ ಹುಡುಗ್ರು ಆಟಗಾರ್ರಾ? ಕುರಿ ಕಾಯೋ ಕೋಲು ಹಿಡ್ದಂಗೆ ಹಿಡೀತಾರೆ ಕ್ಯೂನ.”

ಕುರಿ ಕಾಯುವ ಮನೆಯವನು, ಮಿಡಿಗೇಶಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಗೆಳೆಯ, ಅಲ್ಲೇ ಇದ್ದ. ಅವನು ತಲೆ ತಗ್ಗಿಸಿದ್ದು ಅತ್ತೆಗೆ ಕಂಡಿತು. ಅಷ್ಟೇ ಸಾಕಾಯಿತು.

“ಇವ್ನು ನಿಮ್ಮೂರಿಗೇ ಬಂದು ಗೆಲ್ತಾನೆ ನೋಡು,” ಎಂದು ನನ್ನ ಹೆಗಲ ಮೇಲೆ ಹಿಟ್ಟಿನ ಕೈಯಿಟ್ಟರು. “ಗೆದ್ರೆ ಇನ್ನೊಂದ್ ಸಲ ಟೇಬಲ್ ಅಂತ ಬಾಯ್ ಬುಡಬಾರ್ದು. ಸೋತ್ರೆ ಎತ್ಕಂಡೋಗು.”

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಆಗಲಿ ಎಂದೇ ಹೇಳುತ್ತಿದ್ದೆ, ಆ ಮಾತು ಬೇರೆ. ಶರಟಿನ ಮೇಲೆ ಬಿದ್ದ ಐದು ಬೆರಳಿನ ಗುರುತನ್ನು ಒರೆಸದೆ ಆ ಸಂಜೆ ಊರೆಲ್ಲ ಸುತ್ತಿ, ಶಿರಾದವರಿಗೆ ನಾನು ಮಾಡಲಿರುವ ಗತಿಯನ್ನು ಸಿಕ್ಕಸಿಕ್ಕವರಿಗೆ ವಿವರಿಸಿದೆ. ಹೂವಿನ ಅಂಗಡಿಯವಳಿಗೂ ಹೇಳಿದೆ.

ಪಂದ್ಯದ ದಿನ ಅತ್ತೆ ಗಿರಣಿಗೆ ಬೀಗ ಹಾಕಿದರು. ಬಾಗಿಲ ಮುಂದೆ ರಾಗಿ ಡಬ್ಬಗಳು ಸಾಲಾಗಿ ಕೂತು ನಮ್ಮನ್ನು ಬೀಳ್ಕೊಟ್ಟವು. ಅತ್ತೆ, ನಾನು, ಮಿಡಿಗೇಶಿಯವನು, ಮೂವರೂ ಶಿರಾ ಬಸ್ಸು ಹತ್ತಿದೆವು. ಅತ್ತೆಯ ಮಡಿಲಲ್ಲಿ ಚಿತ್ರಾನ್ನದ ಡಬ್ಬ. ದಾರಿಯುದ್ದಕ್ಕೂ ನಾನು ಗೆದ್ದ ಮೇಲೆ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಆಟದ ಬಗ್ಗೆ ಯೋಚಿಸಲೇ ಇಲ್ಲ.

ಐದು ಆಟ, ಮೊದಲು ಮೂರು ಗೆದ್ದವನು ಗೆದ್ದಂತೆ. ಎದುರಾಳಿ ಶಿರಾದ ಹುಡುಗ, ನನಗಿಂತ ಒಂದೆರಡು ವರ್ಷ ದೊಡ್ಡವನು, ತೋಳಿಲ್ಲದ ಕಪ್ಪು ಕೋಟು ಹಾಕಿಕೊಂಡು ಮದುವೆ ಬ್ಯಾಂಡಿನಿಂದ ತಪ್ಪಿಸಿಕೊಂಡು ಬಂದವನಂತಿದ್ದ. ಕೈ ಕುಲುಕಿ “ಆರಾಮ್ ಸೇ ಆಡಿ ಭಾಯ್” ಎಂದ. ಆರಾಮವಾಗಿಯೇ ಬಗ್ಗಿದೆ, ಗುರಿ ಇಟ್ಟೆ, ಹೊಡೆದೆ.

ತಪ್ಪಿತು.

ಮೊದಲನೆಯದು ಎಲ್ಲರಿಗೂ ತಪ್ಪುತ್ತದೆ. ಎರಡನೆಯದೂ ತಪ್ಪಿತು. ಮೂರನೆಯದು ಗುಂಡಿಗೆ ತಗಲಲೇ ಇಲ್ಲ. ನನ್ನ ಕೈ ನನ್ನದಾಗಿರಲಿಲ್ಲ. ಯಾರದೋ ಕೈಯನ್ನು ಬಾಡಿಗೆಗೆ ತಂದು ಭುಜಕ್ಕೆ ಸಿಕ್ಕಿಸಿದ ಹಾಗಿತ್ತು, ಅದೂ ಎಡಗೈ. ಕೋಲು ಹಿಂದಕ್ಕೆ ಹೋಗುತ್ತಿತ್ತು, ಅಲ್ಲೇ ನಿಂತು ಯಾರನ್ನೋ ಕಾಯುತ್ತಿತ್ತು, ಆಮೇಲೆ ಗಾಬರಿಯಿಂದ ಮುಂದೆ ಓಡುತ್ತಿತ್ತು. ಮೊದಲ ಆಟ ಹೋಯಿತು. ಆ ಹಾಲಿನ ನಿಶ್ಶಬ್ದದಲ್ಲಿ ಅತ್ತೆ ನನ್ನ ಗೆಳೆಯನ ಕಿವಿಯಲ್ಲಿ ಪಿಸುಗುಟ್ಟಿದರು. ಇಡೀ ಹಾಲಿಗೆ ಕೇಳಿಸಿತು.

“ಯಾಕ್ಲಾ ಇವ್ನು ಒಂದ್ ತೊಗರೀನೂ ಬೀಳಿಸ್ತಿಲ್ಲ? ಹೊಟ್ಟೆಗಿಟ್ಟೆ ನೋಯ್ತೈತಾ?”

ಮಿಡಿಗೇಶಿಯವನು ತನಗೆ ಗೊತ್ತಿದ್ದ ಪರಿಹಾರಗಳನ್ನೆಲ್ಲ ನನ್ನ ಮೇಲೆ ಪ್ರಯೋಗಿಸಿದ. ಕೋಲು ಬದಲಿಸಿದ. ನೀರು ಕುಡಿಸಿದ. ಚಪ್ಪಲಿ ಬಿಚ್ಚಿಸಿದ. ಕುರಿಗೆ ದೃಷ್ಟಿ ತೆಗೆಯುವ ಹಾಗೆ ಕೋಲಿನ ತುದಿಗೆ ಉಜ್ಜುವ ಸೀಮೆಸುಣ್ಣವನ್ನು ನನ್ನ ತಲೆಗೆ ಮೂರು ಸಲ ನಿವಾಳಿಸಿ ಕಾರ್ಪೆಟ್ಟಿನ ಮೇಲೆ ಎಸೆದ. ಅದನ್ನು ಶಿರಾ ಹುಡುಗ ಮರ್ಯಾದೆಯಿಂದ ಎತ್ತಿ ಕೊಟ್ಟ. ಎರಡನೆಯ ಆಟವೂ ಹೋಯಿತು. ಇನ್ನೊಂದು ಹೋದರೆ ಮುಗಿಯಿತು. ನಾನು ನಗುತ್ತಲೇ ಇದ್ದೆ, ಕನ್ನಡಿಯಲ್ಲಿ ನೋಡಿಕೊಂಡಾಗ ಅದು ನಗುವಿನ ಹಾಗೆ ಕಾಣಲಿಲ್ಲ. ಅತ್ತೆ ಎ.ಸಿ.ಯ ಚಳಿಗೆ ತಲೆ ತುಂಬ ಸೆರಗು ಹೊದ್ದು, ಡಬ್ಬವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದರು. ಅವರ ಹುಬ್ಬಿನಲ್ಲಿ ಹಿಂದಿನ ದಿನದ ಹಿಟ್ಟು ಹಾಗೇ ಇತ್ತು. ಆಚೆ ನೋಡಿದೆ... ಅವರನ್ನೇ ಇನ್ನೂ ನೋಡಿದ್ದರೆ ಅತ್ತುಬಿಡುತ್ತಿದ್ದೆನೇನೋ.

ಗಾಳಿಗೆಂದು ಹೊರಗೆ ಬಂದೆ. ಎದುರಿಗೆ ಪಂಕ್ಚರ್ ಅಂಗಡಿ. ಅಲ್ಲಿನ ಗಾಳಿ ತುಂಬುವ ಮೆಷಿನ್ನು ಟಪ್ ಟಪ್ ಎನ್ನುತ್ತಿತ್ತು. ಹಿಂದೆಯೇ ಬಂದ ಮಿಡಿಗೇಶಿಯವನು ನನ್ನನ್ನೇ ನೋಡುತ್ತಾ ನಿಂತ.

“ಲೇ, ಕೈ ಯಾಕ್ಲಾ ಅಂಗೆ ಆಡಿಸ್ತಿದೀಯಾ?”

ನೋಡಿಕೊಂಡೆ. ನನ್ನ ಬಲಗೈ ಆ ಸದ್ದಿಗೆ ಸರಿಯಾಗಿ ಹಿಂದೆ ಮುಂದೆ ಹೋಗುತ್ತಿತ್ತು. ಆಗ ಗೊತ್ತಾಯಿತು. ಅತ್ತೆಯ ಗಿರಣಿಯ ಬೆಲ್ಟಿಗೆ ಒಂದು ಹೊಲಿಗೆ ಇತ್ತು, ಅದು ಚಕ್ರ ದಾಟುವಾಗೆಲ್ಲ ಟಪ್ ಎನ್ನುತ್ತಿತ್ತು. ಒಂದು ಟಪ್ಪಿಗೆ ಕೋಲು ಹಿಂದೆ, ಇನ್ನೊಂದಕ್ಕೆ ಮುಂದೆ. ನಾನು ಆಟ ಕಲಿತದ್ದೇ ಹಾಗೆ, ಕಲಿತದ್ದು ನನಗೇ ತಿಳಿಯದ ಹಾಗೆ. ಊರಲ್ಲಿ ಕರೆಂಟು ಹೋಗಿ ಗಿರಣಿ ನಿಂತಾಗ ನಾವು ಆಡದೆ ಹರಟೆ ಹೊಡೆಯುತ್ತಿದ್ದೆವು, ಅದಕ್ಕೇ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಈ ಹಾಳು ಹಾಲಿನಲ್ಲಿ ಸದ್ದೇ ಇರಲಿಲ್ಲ.

ಒಳಗೆ ಹೋಗಿ ಸುತ್ತ ನೋಡಿದೆ. ಟೇಬಲ್ಲಿನ ಮೇಲೆ ಎ.ಸಿ. ಬರುವ ಮೊದಲಿನ ಹಳೆ ಫ್ಯಾನು ಒಂದು ಧೂಳು ಹಿಡಿದು ನೇತಾಡುತ್ತಿತ್ತು. ಎದೆ ಹಿಡಿದುಕೊಂಡು ಕೆಮ್ಮಿದೆ. ನನ್ನ ಜೀವನದಲ್ಲೇ ಅಷ್ಟು ಚೆನ್ನಾಗಿ ನಾನು ಯಾವತ್ತೂ ಕೆಮ್ಮಿಲ್ಲ.

“ಎ.ಸಿ. ಆಗಲ್ಲ ಅಂಕಲ್. ಉಬ್ಬಸ.”

“ಹೂಂ ಸಾರ್, ಹೋದ್ ಸಲ ಬಾಯಲ್ಲಿ ನೊರೆ ಬಂದಿತ್ತು,” ಎಂದ ಮಿಡಿಗೇಶಿಯವನು. ಅದು ಕುರಿಯ ಕಾಯಿಲೆ. ಆದರೂ ಮೈದುನ ಹೆದರಿ ಎ.ಸಿ. ನಿಲ್ಲಿಸಿ ಫ್ಯಾನು ಹಾಕಿಸಿದರು. ಫ್ಯಾನು ಓಲಾಡುತ್ತಾ ಕಟ್ ಕಟ್ ಕಟ್ ಎಂದಿತು. ಸಿಕ್ಕಾಪಟ್ಟೆ ಬೇಗ. ಆ ವೇಗಕ್ಕೆ ಆಡಿದರೆ ಕೋಲು ಎದುರಿನವನ ಕೋಟಿಗೆ ಚುಚ್ಚುತ್ತಿತ್ತು.

“ಸ್ವಲ್ಪ ಕಮ್ಮಿ ಮಾಡಿ ಅಂಕಲ್, ಗಾಳಿಗೂ ಉಬ್ಬಸ. ಎರಡಕ್ಕೆ ಇಡಿ.”

ಎರಡಕ್ಕೆ ಇಟ್ಟರು. ಕಟ್... ಕಟ್... ಕಟ್... ನನ್ನ ಮೈಯೊಳಗೆ ಗಿರಣಿ ಶುರುವಾಯಿತು. ಆಮೇಲಿನದನ್ನು ನಾನು ಹೇಳಿದರೆ ಕೊಚ್ಚಿಕೊಂಡ ಹಾಗಾಗುತ್ತದೆ, ಆದ್ದರಿಂದ ಹೇಳಿಯೇಬಿಡುತ್ತೇನೆ. ಮೂರನೆಯ ಆಟದಲ್ಲಿ ಶಿರಾ ಹುಡುಗ ಹೆಚ್ಚು ಹೊತ್ತು ಕುರ್ಚಿಯಲ್ಲೇ ಇದ್ದ. ನಾಲ್ಕನೆಯದರಲ್ಲಿ ಕೋಟು ಬಿಚ್ಚಿದ. ಒಂದೊಂದು ಗುಂಡು ಬಿದ್ದಾಗಲೂ ಅತ್ತೆ “ತೊಗರಿ”, “ಕಡಲೆಬೀಜ”, “ಹುಚ್ಚೆಳ್ಳು” ಎಂದು ಸಂತೆಯಲ್ಲಿ ಕೂಗುವ ಹಾಗೆ ಕೂಗಿದರು. ನೀಲಿ ಬಿದ್ದಾಗ ಮಾತ್ರ ಸುಮ್ಮನಿದ್ದರು. ಎರಡು ಎರಡು, ಸಮ ಸಮ.

ಐದನೆಯ ಆಟ ಕೊನೆಯ ಗುಂಡಿನವರೆಗೂ ಹೋಯಿತು. ಟೇಬಲ್ಲಿನ ಮೇಲೆ ಕಪ್ಪೊಂದೇ ಉಳಿಯಿತು. ಯಾರು ಅದನ್ನು ಹಾಕುತ್ತಾರೋ ಪಂದ್ಯ ಅವರದು. ಸರದಿ ನನ್ನದು. ನೇರ ಹೊಡೆತ, ಕಷ್ಟದ್ದೇನಲ್ಲ, ನಮ್ಮೂರಲ್ಲಿ ಆಕಳಿಸುತ್ತಾ ಹಾಕುತ್ತಿದ್ದೆ. ಬಗ್ಗಿದೆ. ಒಂದು ‘ಕಟ್’ ಸದ್ದಿಗೆ ಕೋಲು ಹಿಂದೆ ಹೋಯಿತು.

ಕರೆಂಟು ಹೋಯಿತು.

ಟೇಬಲ್ಲಿನ ಮೇಲಿನ ದೀಪಕ್ಕೆ ಬ್ಯಾಟರಿ ಇತ್ತು, ಅದು ಆರಲಿಲ್ಲ. ಫ್ಯಾನು ಮಾತ್ರ ನಿಧಾನಕ್ಕೆ ತಿರುಗುತ್ತಾ ಹೋಗಿ, ಇನ್ನೊಂದು ಕಟ್, ಇನ್ನೂ ಒಂದು ಕಟ್... ನಿಂತಿತು. ಎದುರಿನ ಪಂಕ್ಚರ್ ಅಂಗಡಿಯೂ ನಿಂತಿತ್ತು. ಇಡೀ ಶಿರಾ ನನ್ನ ಮೇಲಿನ ಹಗೆಗೆ ಉಸಿರು ಹಿಡಿದ ಹಾಗಿತ್ತು.

ನಾನು ಎದ್ದು ನಿಂತೆ. ಕೋಲಿಗೆ ಸುಣ್ಣ ಉಜ್ಜಿದೆ. ಬಾತ್‌ರೂಮಿಗೆ ಹೋಗಿ ಬಂದೆ. ಮತ್ತೆ ಸುಣ್ಣ ಉಜ್ಜಿದೆ. ಬಗ್ಗಿ, ಲೇಸೇ ಇಲ್ಲದ ನನ್ನ ಚಪ್ಪಲಿಯ ಲೇಸು ಕಟ್ಟಿದೆ. ಮಿಡಿಗೇಶಿಯವನು ನಾಲಿಗೆಯಿಂದ ಟಪ್ ಟಪ್ ಎನ್ನಿಸಲು ನೋಡಿದ, ಅವನ ಬಾಯಿ ಒಣಗಿ ಕುರಿ ಕರೆಯುವ ಸದ್ದು ಬಂತು. ಯಾರೂ ನಗಲಿಲ್ಲ. ಮೈದುನ ಬೆವರು ಒರೆಸಿಕೊಳ್ಳುತ್ತಾ, “ಹೊಡಿಯಪ್ಪಾ, ದೀಪ ಐತಲ್ಲ,” ಎಂದರು. ಇನ್ನೊಂದು ಸಲ ಬಾತ್‌ರೂಮಿಗೆ ಹೊರಟೆ. ಅತ್ತೆ ಎದ್ದು ಬಂದು ನನ್ನ ತೋಳು ಹಿಡಿದರು.

“ಕರೆಂಟ್ಗೆ ಕಾಯ್ತಿದೀಯೇನ್ಲಾ?”

ನಾನು ಹೌದೆಂದು ತಲೆಯಾಡಿಸಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಅವರ ಪಾಲಿಗೆ ಎಲ್ಲ ಕೆಲಸವೂ ಕರೆಂಟಿಗೇ ಕಾಯುವಂಥದ್ದು.

“ನಾನು ಅರ್ಧ ಆಯಸ್ಸು ಅದಕ್ಕೆ ಕಾದಿವ್ನಿ ಕಣ್ ಮಗ. ನಾವ್ ಕಾದಾಗ ಅದು ಬರಾಕಿಲ್ಲ. ಹೊಡಿ. ಊರ್ಗೋಗಾನ, ಡಬ್ಬಗಳು ಕಾಯ್ತಾ ಕುಂತವೆ.”

ಹೊಡೆದೆ.

ಕೆಟ್ಟದಾಗಿ ಹೊಡೆಯಲಿಲ್ಲ. ಅದನ್ನು ಇವತ್ತಿಗೂ ಹೇಳುತ್ತೇನೆ. ಕಪ್ಪು ಗುಂಡು ಮೂಲೆಯ ತೂತಿನ ತನಕ ಹೋಯಿತು, ಒಂದು ದವಡೆಗೆ ಬಡಿಯಿತು, ಇನ್ನೊಂದು ದವಡೆಗೆ ಬಡಿಯಿತು, ತೂತಿನ ಬಾಯಲ್ಲಿ ಬಂದು ನಿಂತಿತು. ಅರ್ಧ ಒಳಗೆ, ಅರ್ಧ ಹೊರಗೆ. ಉಸಿರು ಬಿಟ್ಟರೆ ಬೀಳಬೇಕು, ಹಾಗೆ.

ನಾನು ಕಣ್ಣು ಮುಚ್ಚಿದೆ. ಶಿರಾ ಹುಡುಗ ಎದ್ದ ಸದ್ದು ಕೇಳಿಸಿತು. ಕಣ್ಣು ಬಿಟ್ಟರೆ ಅತ್ತೆಯ ಕೈ ಅವನಿಗೆ ಅಡ್ಡ ಹೋಗಿದ್ದು ಕಂಡಿತು.

“ತಡಿಯಪ್ಪಾ. ಬೀಳ್ತದೆ ತಡಿ.”

ಅವರು ತೂತಿನ ಹತ್ತಿರ ಬಗ್ಗಿ, ಮೊಣಕಾಲಿನ ಮೇಲೆ ಕೈಯೂರಿ, ಆ ಗುಂಡನ್ನೇ ನೋಡುತ್ತಾ ನಿಂತರು. ಬಾಯಲ್ಲಿ ನಿಂತ ಗುಂಡು ಬೀಳದೆ ಉಳಿದದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲ. ನಮ್ಮೂರಲ್ಲಿ ಎಲ್ಲ ಬೀಳುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟರೆ ಸಾಕಿತ್ತು. ಇಲ್ಲಿ ಗಿರಣಿ ಇಲ್ಲ ಎಂದು ಅವರಿಗೆ ಹೇಗೆ ಹೇಳುವುದು... ಕಿವಿ ಕೇಳದವರಿಗೆ ಈ ಸದ್ದಿಲ್ಲದ್ದು ಹೇಗೆ ಕೇಳಬೇಕು? ಬಿದ್ದರೂ ಅವರದೇ ಕಾನೂನಿನ ಪ್ರಕಾರ ಎತ್ತಿಡಬೇಕಿತ್ತು, ಅದನ್ನು ಅವರು ಮರೆತಿದ್ದರು. ಶಿರಾ ಹುಡುಗ ಒಳ್ಳೆಯವನು, ಕಾದ. ಮೈದುನ ಕೂಡ ಹತ್ತಿರ ಬಂದು ಬಗ್ಗಿದರು. ಅಷ್ಟು ಜನ ಒಂದು ಗುಂಡನ್ನು ನೋಡುತ್ತಾ ನಿಂತೆವು. ಅದು ಬೀಳಲಿಲ್ಲ.

ಕೊನೆಗೆ ಅತ್ತೆ ಸೊಂಟ ನೆಟ್ಟಗೆ ಮಾಡಿಕೊಂಡು ಪಕ್ಕಕ್ಕೆ ಸರಿದರು. ಹುಡುಗ ಬಿಳಿ ಗುಂಡಿನಿಂದ ಅದನ್ನು ಮೆಲ್ಲಗೆ ಒಳಗೆ ತಳ್ಳಿದ. ಹೂವು ಹಾಕಿದಷ್ಟು ಮೆಲ್ಲಗೆ.

ಬಸ್ಸಿನಲ್ಲಿ ನಾವು ಚಿತ್ರಾನ್ನ ತಿಂದೆವು. ಗೆದ್ದ ಮೇಲೆ ಆಡಬೇಕೆಂದಿದ್ದ ಮಾತುಗಳೆಲ್ಲ ನನ್ನ ಹತ್ತಿರ ಹಾಗೇ ಉಳಿದಿದ್ದವು.

ಟೆಂಪೋ ಬಂದದ್ದು ಮುಂದಿನ ವಾರ. ಚಪ್ಪಡಿ ಕಲ್ಲುಗಳನ್ನು ಹೊರಲು ನಾವೇ ಹುಡುಗರು ಭುಜ ಕೊಟ್ಟೆವು. ಅತ್ತೆ ನಿಂತು ನೋಡಿದರು, ಬೈದರು, ನಿಧಾನ ಎಂದರು, ಕಾಲು ಜೋಪಾನ ಎಂದರು. ಟೆಂಪೋ ಬೀದಿ ಇಳಿಯುವಾಗ ಒಳಗೆ ಹೋಗಿ ಗಿರಣಿ ಹಾಕಿದರು. ಬೀಸಲು ಯಾವ ಡಬ್ಬವೂ ಇರಲಿಲ್ಲ. ಕಾಳಿಲ್ಲದೆ ಓಡಿಸಿದರೆ ಕಲ್ಲು ಕಲ್ಲನ್ನೇ ತಿಂದು ಹಾಳಾಗುತ್ತದೆ, ಹಾಗೆ ಮಾಡಿದವರಿಗೆ ಅವರು ಕೈ ಮುರಿಯುತ್ತೇನೆ ಎನ್ನುತ್ತಿದ್ದರು. ಅವತ್ತು ತಾವೇ ಖಾಲಿ ಕಲ್ಲು ಓಡಿಸುತ್ತಾ, ಬೆನ್ನು ನಮ್ಮ ಕಡೆ ಮಾಡಿ ನಿಂತಿದ್ದರು. ಸುಟ್ಟ ವಾಸನೆ ಬರುವ ತನಕ...

ಆಮೇಲೂ ಅಮ್ಮ ನನ್ನ ಕೈಯಲ್ಲೇ ರಾಗಿ ಡಬ್ಬ ಕಳಿಸುತ್ತಿದ್ದಳು. ಪ್ರತಿ ಸಲವೂ ಅತ್ತೆ ಡಬ್ಬ ಇಸಿದುಕೊಳ್ಳುತ್ತಾ ಬೀದಿಗೆಲ್ಲ ಕೇಳುವ ಹಾಗೆ ಕೇಳುತ್ತಿದ್ದರು.

“ಹುಚ್ಚೆಳ್ಳು ಬಿತ್ತೇನ್ಲಾ?”

“ಇನ್ನೂ ಇಲ್ಲ ಅತ್ತೆ.”

“ಬೀಳ್ತದೆ ಬುಡು.”

ಹೋದ ವರ್ಷ, ಅವರೆಕಾಯಿ ಕಾಲದಲ್ಲಿ, ಅತ್ತೆ ತೀರಿಕೊಂಡರು. ಗಿರಣಿಯ ಮೋಟರನ್ನು ಯಾರೋ ಬಿಚ್ಚಿಕೊಂಡು ಹೋದರು. ಕಲ್ಲುಗಳು ಬಾಗಿಲ ಹತ್ತಿರ ಬಿದ್ದಿವೆ, ಬೀದಿ ಏರಿ ದಣಿದವರು ಅವುಗಳ ಮೇಲೆ ಕೂರುತ್ತಾರೆ. ಈಗ ನಮ್ಮ ಮನೆಗೆ ರಾಗಿ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ, ತಣ್ಣಗಿರುತ್ತದೆ.

ಹೋದ ಭಾನುವಾರ ಶಿರಾದಲ್ಲಿ ನಾನು ಒಬ್ಬನೇ ಆಡುತ್ತಿದ್ದುದು ಆ ಟೇಬಲ್ಲಿನಲ್ಲೇ. ಹಿಟ್ಟು ಮೂಸಿದ ಮೇಲೆ ಕೈ ಮತ್ತೆ ಕೆಟ್ಟಿತು. ಕೊನೆಗೆ ಕಪ್ಪೊಂದು ಉಳಿಯಿತು, ಹೊಡೆದರೆ ಅದು ತೂತಿನ ಬಾಯಲ್ಲಿ ಹೋಗಿ ಕೂತಿತು. ನಾನು ಕೋಲು ಊರಿಕೊಂಡು ನೋಡುತ್ತಾ ನಿಂತೆ. ಮೈದುನ ಹತ್ತಿರ ಬಂದರು. ಈ ಮೂರು ವರ್ಷದಲ್ಲಿ ಅವರಿಗೂ ವಯಸ್ಸಾಗಿದೆ.

“ಎರಡ್ ಸಲ ಬಟ್ಟೆ ಬದಲಾಯಿಸ್ದೆ ಕಣಪ್ಪಾ,” ಎಂದರು. “ಆದ್ರೂ ಹಿಟ್ಟು ಹೋಗ್ತಿಲ್ಲ.” ಹಾಗೆನ್ನುತ್ತಾ ಟೇಬಲ್ಲಿಗೆ ಸೊಂಟ ಆನಿಸಿದರು. ಟೇಬಲ್ ಒಂಚೂರು ಅಲುಗಿತು. ಕಪ್ಪು ಗುಂಡು ಟಪ್ ಎಂದು ಒಳಗೆ ಬಿತ್ತು.

ಒಂದು ಕ್ಷಣ, ಓಡಿ ಹೋಗಿ ಮಧುಗಿರಿ ಬಸ್ಸು ಹತ್ತಿ ಅತ್ತೆಗೆ ಹೇಳಬೇಕು ಅನ್ನಿಸಿತು.

“ಬಿತ್ತಲ್ಲ,” ಎಂದರು ಮೈದುನ.

ನಾನು ಗುಂಡನ್ನು ಹೊರಗೆ ತೆಗೆದೆ. ಎಲ್ಲಿತ್ತೋ ಅಲ್ಲೇ, ತೂತಿನ ಬಾಯಲ್ಲಿ, ಜೋಪಾನವಾಗಿ ಇಟ್ಟೆ.

ಇನ್ನೂ ಇಲ್ಲ ಅತ್ತೆ.